ಆಗಸ್ಟ್ 23ಕ್ಕೂ ನಮಗೂ ಏನು ಸಂಬಂಧ?

ಎಲ್ಲರಿಗೂ ನಮಸ್ಕಾರ. ಈ ಸಂಚಿಕೆಯಲ್ಲಿ ಸ್ವಾತಂತ್ರ್ಯ ದಿನದ ವರದಿ ಇದೆ, ಗಣೇಶನ ಹಬ್ಬದ ಕರೆಯೋಲೆಯೂ ಇದೆ. ಇವೆರಡರ ನಡುವೆ ಬರುವ ಇನ್ನೊಂದು ದಿನದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಗುಲಾಮರ ವ್ಯಾಪಾರವನ್ನು, ಅದು ಕೊನೆಗೊಂಡ ಬಗೆಯನ್ನು ನೆನೆಯಲು ಯುನೆಸ್ಕೊ ಗೊತ್ತು ಮಾಡಿದ ದಿನ ಆಗಸ್ಟ್ 23. ಇಂಗ್ಲೆಂಡಿನ ಬಂದರು ಊರು ಲಿವರ್‌ಪೂಲ್‌ನಲ್ಲಿ 1999ರಿಂದ ಇದನ್ನು ಆಚರಿಸುತ್ತಾ ಬಂದಿದ್ದಾರೆ. ಹಡಗುಕಟ್ಟೆಯ ಹತ್ತಿರ ಜನ ಸೇರುತ್ತಾರೆ. ನಾವು ತರ್ಪಣ ಬಿಡುವ ಹಾಗೆ, ತೀರಿಹೋದ ಹಿರಿಯರನ್ನು ನೆನೆದು ನೆಲಕ್ಕೆ ನೀರು ಎರೆಯುತ್ತಾರೆ.

ಇಲ್ಲಿನ ನಮ್ಮ ಕನ್ನಡ ಬಳಗದ ಬಹಳಷ್ಟು ಮನೆಗಳಿಂದ ಲಿವರ್‌ಪೂಲ್ ಒಂದು ಗಂಟೆಯ ದಾರಿ. ಆದರೂ ಆ ದಿನ ಅಲ್ಲಿಗೆ ಹೋಗುವವರು ನಮ್ಮಲ್ಲಿ ಕಮ್ಮಿ. "ಅದು ಅವರ ವಿಷಯ, ನಮಗೇನು ಸಂಬಂಧ?" ಅನ್ನುವ ಮಾತು ಸಮಿತಿಯ ಸಭೆಯಲ್ಲೂ ಬಂತು. ಬೇಸರದಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದು. ಹಾಗಾಗಿ ಉತ್ತರ ಕೊಡಬೇಕು ಅನ್ನಿಸಿತು.

ಮಕ್ಕಳು ಶಾಲೆಯಿಂದ ಕಲಿತು ಬರುವ ಕಥೆ ಚಿಕ್ಕದು. ಗುಲಾಮರ ವ್ಯಾಪಾರ ಇತ್ತು, ವಿಲಿಯಂ ವಿಲ್ಬರ್‌ಫೋರ್ಸ್ ಹೋರಾಡಿದರು, 1807ರಲ್ಲಿ ಪಾರ್ಲಿಮೆಂಟ್ ಅದನ್ನು ನಿಲ್ಲಿಸಿತು. ಇದು ಸುಳ್ಳಲ್ಲ. ಆದರೆ ಆಗಸ್ಟ್ 23ನ್ನು ಆರಿಸಿದ್ದು ಪಾರ್ಲಿಮೆಂಟಿನ ನೆನಪಿಗಲ್ಲ. 1791ರ ಆಗಸ್ಟ್ 22ರ ರಾತ್ರಿ ಫ್ರೆಂಚರ ವಸಾಹತು ಸ್ಯಾಂ ಡೊಮಿಂಗ್‌ನಲ್ಲಿ ಗುಲಾಮರು ದಂಗೆ ಎದ್ದು ಕಬ್ಬಿನ ತೋಟಗಳಿಗೆ ಬೆಂಕಿ ಇಟ್ಟರು. ವರ್ಷಗಟ್ಟಲೆ ಕಾದಾಡಿ 1804ರಲ್ಲಿ ಹೈಟಿ ಎಂಬ ಸ್ವತಂತ್ರ ದೇಶ ಕಟ್ಟಿದರು. ಬ್ರಿಟನ್ನಿನ ಕಾನೂನು ಬಂದದ್ದು ಅದಾದ ಮೇಲೆ. ಮಕ್ಕಳಿಗೆ ಈ ಭಾಗವನ್ನು ನಾವು ಮನೆಯಲ್ಲಾದರೂ ಹೇಳಬೇಕು.

ಮೂರೂವರೆ ಶತಮಾನಗಳಲ್ಲಿ ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಬಲವಂತದಿಂದ ಹಡಗು ಹತ್ತಿಸಿದರು. ಅಟ್ಲಾಂಟಿಕ್ ಸಾಗರದ ಆಚೆ ದಡ ಮುಟ್ಟಿದವರು ಸುಮಾರು 1.07 ಕೋಟಿ. ಉಳಿದವರು ದಾರಿಯಲ್ಲೇ ಸತ್ತರು. 18ನೇ ಶತಮಾನದ ಕೊನೆಯ ಹೊತ್ತಿಗೆ ಬ್ರಿಟನ್ನಿನ ಗುಲಾಮ ಹಡಗುಗಳಲ್ಲಿ ಹೆಚ್ಚಿನವು ಲಿವರ್‌ಪೂಲ್‌ನಿಂದ ಹೊರಡುತ್ತಿದ್ದವು. ಆಫ್ರಿಕಾದಲ್ಲಿ ಮನುಷ್ಯರನ್ನು ಕೊಳ್ಳಲು ಕೊಡುತ್ತಿದ್ದ ಸರಕಿನಲ್ಲಿ ಗುಜರಾತಿನ, ಕೋರಮಂಡಲ ಕರಾವಳಿಯ ಹತ್ತಿ ಬಟ್ಟೆಯೂ ಇತ್ತು. ನಮ್ಮ ದೇಶದ ನೇಕಾರರು ನೇಯ್ದ ಬಟ್ಟೆ ಎಲ್ಲಿಗೆ ಹೋಗಿ ಏನಾಯಿತು ಅನ್ನುವುದು ಅವರಿಗೆ ಗೊತ್ತಿರಲಿಕ್ಕಿಲ್ಲ. ನಮಗೆ ಗೊತ್ತಿರಬೇಕು.

ಇಷ್ಟು ದೊಡ್ಡ ಸಂಖ್ಯೆ ಓದಿದರೆ ಮನಸ್ಸಿಗೆ ಏನೂ ತಟ್ಟುವುದಿಲ್ಲ. ಅದಕ್ಕೇ ಒಂದೇ ಒಂದು ಹಡಗಿನ ಕಥೆ ಹೇಳುತ್ತೇನೆ. ಅದರ ಹೆಸರು ಝಾಂಗ್. ಮಾಲೀಕರು ಲಿವರ್‌ಪೂಲ್‌ನ ವ್ಯಾಪಾರಿಗಳು. ಅವರಲ್ಲೊಬ್ಬ, ವಿಲಿಯಂ ಗ್ರೆಗ್ಸನ್, ಊರಿನ ಮೇಯರ್ ಆಗಿದ್ದವನು. 1781ರಲ್ಲಿ ಅದು 442 ಆಫ್ರಿಕನ್ನರನ್ನು ತುಂಬಿಕೊಂಡು ಹೊರಟಿತು. ಹಡಗು ಹೊರಬಹುದಾದದ್ದಕ್ಕಿಂತ ಬಹಳ ಜಾಸ್ತಿ. ರೋಗ ಬಂತು, ಜನ ಸಾಯತೊಡಗಿದರು. ಜಮೈಕಾ ಕಣ್ಣಿಗೆ ಬಿದ್ದರೂ ಬೇರೆ ದ್ವೀಪ ಅಂದುಕೊಂಡು ಹಡಗು ಮುಂದೆ ಹೋಯಿತು. ಕುಡಿಯುವ ನೀರು ಸಾಲದು ಎಂದು ಹೇಳಿ ನವೆಂಬರ್ 29ರಂದು 54 ಹೆಂಗಸರು ಮಕ್ಕಳನ್ನು ಕ್ಯಾಬಿನ್ನಿನ ಕಿಟಕಿಗಳಿಂದ ಸಮುದ್ರಕ್ಕೆ ತಳ್ಳಿದರು. ಮುಂದೆ ಗಂಡಸರನ್ನು ತಳ್ಳಿದರು. ಒಟ್ಟು 130ಕ್ಕೂ ಹೆಚ್ಚು ಜನ. ಗುಲಾಮರು ರೋಗದಿಂದ ಸತ್ತರೆ ವಿಮೆ ಸಿಗುತ್ತಿರಲಿಲ್ಲ. ಹಡಗು ಉಳಿಸಲು ಎಸೆಯಬೇಕಾಯಿತು ಅಂದರೆ ತಲೆಗೆ 30 ಪೌಂಡ್ ಸಿಗುತ್ತಿತ್ತು.

ಮಾಲೀಕರು ಆ ಹಣ ಕೇಳಿ ಲಂಡನ್ನಿನ ಕೋರ್ಟಿಗೆ ಹೋದರು. ಮೊದಲ ಸಲ ಜ್ಯೂರಿ ಅವರ ಪರವಾಗಿಯೇ ತೀರ್ಪು ಕೊಟ್ಟಿತು. 1783ರ ಮೇ ತಿಂಗಳ ವಿಚಾರಣೆಯಲ್ಲಿ ಒಂದು ವಿಷಯ ಹೊರಬಂತು. ನಡುವೆ ಮಳೆ ಸುರಿದಿತ್ತು, ನೀರು ಸಿಕ್ಕಿತ್ತು. ಆಮೇಲೂ ಜನರನ್ನು ತಳ್ಳಿದ್ದರು! ಮತ್ತೆ ವಿಚಾರಣೆ ನಡೆಸಿ ಎಂದು ಕೋರ್ಟ್ ಹೇಳಿತು. ಆದರೆ ಕೊಲೆ ಕೇಸು ಯಾರ ಮೇಲೂ ಬೀಳಲಿಲ್ಲ. ಹಿಂದೆ ತಾವೇ ಗುಲಾಮರಾಗಿದ್ದ ಒಲಾಡಾ ಎಕ್ವಿಯಾನೊ ಈ ಸುದ್ದಿಯನ್ನು ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಗ್ರ್ಯಾನ್‌ವಿಲ್ ಶಾರ್ಪ್ ಅವರಿಗೆ ಮುಟ್ಟಿಸದೆ ಹೋಗಿದ್ದರೆ ಇದು ಬರೀ ವಿಮೆಯ ತಕರಾರಾಗಿ ಮುಗಿಯುತ್ತಿತ್ತು. ನೀರಿಗೆ ಬಿದ್ದ ಒಬ್ಬಾತ ಹಗ್ಗ ಹಿಡಿದು ಮತ್ತೆ ಹಡಗು ಹತ್ತಿದನಂತೆ. ಆತನ ಹೆಸರನ್ನು ಯಾರೂ ಬರೆದಿಡಲಿಲ್ಲ. ಗ್ರೆಗ್ಸನ್‌ನ ಹೆಸರು ಮಾತ್ರ ದಾಖಲೆಗಳಲ್ಲಿ ಭದ್ರವಾಗಿದೆ. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಇನ್ನು ನಮ್ಮ ಜೇಬಿಗೇ ತಾಗುವ ವಿಷಯ. 1807ರ ಕಾನೂನು ನಿಲ್ಲಿಸಿದ್ದು ವ್ಯಾಪಾರವನ್ನು ಮಾತ್ರ. ಗುಲಾಮಗಿರಿಯನ್ನೇ ತೆಗೆಯುವ ಕಾನೂನು ಬಂದದ್ದು 1833ರಲ್ಲಿ. ಆಗ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಅದು ಸರ್ಕಾರದ ವರ್ಷದ ಖರ್ಚಿನ ಸುಮಾರು ಶೇಕಡಾ 40 ಪಾಲು. ಕೊಟ್ಟದ್ದು ಗುಲಾಮರಿಗಲ್ಲ, ಅವರ ಮಾಲೀಕರಿಗೆ. ಬಿಡುಗಡೆಯಾದವರಿಗೆ ಬಿಡಿಗಾಸೂ ಸಿಗಲಿಲ್ಲ. ಹೆಚ್ಚಿನವರು 1838ರವರೆಗೆ ಅದೇ ತೋಟಗಳಲ್ಲಿ ಸಂಬಳವಿಲ್ಲದೆ ದುಡಿಯಬೇಕಾಯಿತು. ಇದಕ್ಕೆಂದು ಸರ್ಕಾರ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ ಅದಕ್ಕಿಂತ ಮೊದಲು ಇಲ್ಲಿಗೆ ಬಂದು ಆಸ್ಪತ್ರೆಗಳಲ್ಲಿ, ಐಟಿ ಕಂಪನಿಗಳಲ್ಲಿ ದುಡಿದು ತೆರಿಗೆ ಕಟ್ಟಿದ ನಮ್ಮ ಹಿರಿಯ ಸದಸ್ಯರೆಲ್ಲರ ಹಣವೂ ಆ ಸಾಲಕ್ಕೆ ಸೇರಿದೆ. ಇದಕ್ಕಿಂತ ಹತ್ತಿರದ ಸಂಬಂಧ ಬೇಕೇ?

ಬೇಕಿದ್ದರೆ ಅದೂ ಇದೆ. ಪರಿಹಾರ ಪಡೆದವರಲ್ಲಿ ದೊಡ್ಡ ಕುಳ ಲಿವರ್‌ಪೂಲ್‌ನ ಜಾನ್ ಗ್ಲ್ಯಾಡ್‌ಸ್ಟನ್. ಮುಂದೆ ನಾಲ್ಕು ಸಲ ಪ್ರಧಾನಿಯಾದ ವಿಲಿಯಂ ಗ್ಲ್ಯಾಡ್‌ಸ್ಟನ್ ಅವನ ಮಗ. ಇಂದಿನ ಗಯಾನಾದ ಡೆಮೆರಾರಾದಲ್ಲಿ ಅವನಿಗೆ ಕಬ್ಬಿನ ತೋಟಗಳಿದ್ದವು. 1823ರಲ್ಲಿ ಅಲ್ಲಿ ಸಾವಿರಾರು ಗುಲಾಮರು ದಂಗೆ ಎದ್ದಾಗ ಅದರ ಕೇಂದ್ರ ಅವನದೇ 'ಸಕ್ಸೆಸ್' ತೋಟ. ದಂಗೆಯ ಮುಖಂಡರೆಂದು ಹೆಸರು ಬಂದ ಕ್ವಾಮಿನಾ ಎಂಬ ಬಡಗಿಯನ್ನು ಹುಡುಕಿ ಕೊಂದು, ಹೆಣವನ್ನು ಆ ತೋಟದ ಮುಂದೆ ಸರಪಳಿಯಲ್ಲಿ ತೂಗುಹಾಕಿದರು. ಹತ್ತು ಹನ್ನೆರಡು ವರ್ಷಗಳಲ್ಲಿ ಗ್ಲ್ಯಾಡ್‌ಸ್ಟನ್ 2,500ರಷ್ಟು ಗುಲಾಮರ ಲೆಕ್ಕ ತೋರಿಸಿ ಒಂದು ಲಕ್ಷ ಪೌಂಡಿಗೂ ಹೆಚ್ಚು ಪಡೆದ.

ಗುಲಾಮರು ಇನ್ನು ಸಿಗುವುದಿಲ್ಲ ಎಂದು ಗೊತ್ತಾದಾಗ ಅವನು ಏನು ಮಾಡಿದ? 1836ರಲ್ಲಿ ಕಲ್ಕತ್ತಾದ ಕಂಪನಿಯೊಂದಕ್ಕೆ ಪತ್ರ ಬರೆದು ಕೂಲಿಗಳನ್ನು ಕಳಿಸಿ ಎಂದ. 1838ರ ಜನವರಿಯಲ್ಲಿ ವಿಟ್ಬಿ, ಹೆಸ್ಪರಸ್ ಎಂಬ ಎರಡು ಹಡಗುಗಳು ಕಲ್ಕತ್ತಾದಿಂದ ಹೊರಟವು. ಮೇ 5ರಂದು ನಾನೂರರ ಹತ್ತಿರದಷ್ಟು ಭಾರತೀಯರು ಡೆಮೆರಾರಾದಲ್ಲಿ ಇಳಿದರು. ಕೆಲವರನ್ನು ಗ್ಲ್ಯಾಡ್‌ಸ್ಟನ್‌ನ ತೋಟಕ್ಕೆ ಕಳಿಸಿದರು. ಅಲ್ಲಿ ಅವರಿಗೆ ಚಾಟಿ ಏಟು ಬೀಳುತ್ತಿದೆ ಎಂಬ ಸುದ್ದಿ ಬೇಗನೆ ಹೊರಬಂತು. ಅದನ್ನು ಹೊರಗೆಡವಿದ್ದು ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಜನರೇ, ಇದನ್ನು ನಾವು ಮರೆಯಬಾರದು. ಆ ಹಡಗುಗಳಲ್ಲಿ ಹೋದವರು ಕನ್ನಡದವರಲ್ಲ, ಬಹಳಷ್ಟು ಜನ ಛೋಟಾ ನಾಗಪುರದ, ಬಿಹಾರದ ಕಡೆಯವರು. ಆದರೂ ಭಾರತದವರು ಅಂತ ಹೇಳಿಕೊಳ್ಳುವ ನಮಗೆ ಅವರು ಹೊರಗಿನವರಾಗುತ್ತಾರಾ? 2023ರ ಆಗಸ್ಟ್‌ನಲ್ಲಿ ಗ್ಲ್ಯಾಡ್‌ಸ್ಟನ್ ವಂಶದವರು ಗಯಾನಾಕ್ಕೆ ಹೋಗಿ ಕ್ಷಮೆ ಕೇಳಿದರು. ಅದು ಸಾಲದು ಅಂದವರೂ ಅಲ್ಲಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಹೋಗಿ ನಿಂತು ಕೇಳಿದ್ದು ಸಣ್ಣ ವಿಷಯವಲ್ಲ.

ನಮ್ಮ ನಾಡಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿರುವ ಸಿದ್ದಿಗಳ ಹಿರಿಯರೂ ಆಫ್ರಿಕಾದವರೇ. ಅವರು ದಾಟಿದ್ದು ಬೇರೆ ಕಡಲು, ಅಟ್ಲಾಂಟಿಕ್ ಅಲ್ಲ. ಬಹಳ ಜನರನ್ನು ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಕೊಂಕಣಿ, ಕನ್ನಡ ಆಡುತ್ತಾ ತಲೆಮಾರುಗಳಿಂದ ಅಲ್ಲೇ ಬದುಕಿರುವ ಅವರನ್ನು ಈಗಲೂ "ಯಾವ ದೇಶದವರು ನೀವು?" ಅಂತ ಕೇಳುವವರಿದ್ದಾರೆ. ಅದೇ ಪ್ರಶ್ನೆ ಇಲ್ಲಿ ನಮ್ಮ ಮಕ್ಕಳಿಗೆ ಎದುರಾದಾಗ ನಮಗೆ ಎಷ್ಟು ನೋವಾಗುತ್ತದೆ, ಅಲ್ವಾ?

ಈ ಸಲ ಬಳಗದಿಂದ ಒಂದು ಗುಂಪಾಗಿ ಹೋಗೋಣ. ಕಾರ್ಯಕ್ರಮಕ್ಕೆ ಮೊದಲು ಊರಿನ ಬೀದಿಗಳಲ್ಲಿ ನಡೆಯುವ ಯೋಚನೆಯೂ ಇದೆ. ಗುಲಾಮ ವ್ಯಾಪಾರಿಗಳ ಹೆಸರು ಹೊತ್ತ ಬೀದಿಗಳು ಅಲ್ಲಿ ಹಲವು. ಎರಿಕ್ ಲಿಂಚ್ ಎಂಬ ಹಿರಿಯರು ದಶಕಗಳ ಕಾಲ ಜನರನ್ನು ಅಲ್ಲಿ ಸುತ್ತಾಡಿಸಿ ಈ ಚರಿತ್ರೆ ಹೇಳಿದರು. ಈಗ ಅವರ ನೆನಪಿನಲ್ಲಿ ನಗರಸಭೆ ಫಲಕಗಳನ್ನು ಹಾಕಿದೆ. ಹತ್ತು ವರ್ಷ ದಾಟಿದ ಮಕ್ಕಳನ್ನು ಖಂಡಿತ ಕರೆತನ್ನಿ. ಬರುವ ಮುಂಚೆ ಇನ್ನೊಂದು ಕೆಲಸ ಮಾಡಿ. ಪರಿಹಾರ ಪಡೆದ ಮಾಲೀಕರ ಪಟ್ಟಿಯನ್ನು ಯೂನಿವರ್ಸಿಟಿ ಕಾಲೇಜ್ ಲಂಡನ್ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಅದರಲ್ಲಿ ನೀವಿರುವ ಊರಿನ ಹೆಸರು ಹಾಕಿ ಹುಡುಕಿ. ಏನು ಸಿಕ್ಕಿತು ಅಂತ ನಮಗೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.