ಒತ್ತಕ್ಷರಕ್ಕೆ ಕಾಯುತ್ತಾ ಕೂರಬೇಡಿ

ಮಾನ್ಯರೇ,

ಮಗುವಿಗೆ ಓದು ಕಲಿಸುವಾಗ ಮೊದಲು 49 ಅಕ್ಷರ, ಆಮೇಲೆ ಕಾಗುಣಿತ, ಕೊನೆಗೆ ಒತ್ತಕ್ಷರ, ಅದೆಲ್ಲ ಮುಗಿದ ಮೇಲೆ ಕತೆಪುಸ್ತಕ. ಬಹುತೇಕ ಮನೆಗಳಲ್ಲಿ ಇದೇ ರೂಢಿ. ಆದರೆ ಮಗು ದಿನವಿಡೀ ಆಡುವ ಅಮ್ಮ, ಅಪ್ಪ, ಅಜ್ಜಿ, ಅನ್ನ, ಹಣ್ಣು, ಬೆಕ್ಕು ಎಲ್ಲದರಲ್ಲೂ ಒತ್ತಕ್ಷರವಿದೆ. ಅದನ್ನು ಮುಂದಕ್ಕೆ ಹಾಕಿದರೆ ಮಗುವಿನ ಮಾತಿನ ಎಷ್ಟೋ ಪದಗಳು ಓದಲು ಸಿಗುವುದೇ ಇಲ್ಲ. ಮಗುವಿಗೆ ಬೇಸರ ಬಾರದೇ ಇರುತ್ತದೆಯೇ?

ಕ, ಗ, ಪ, ದ ಮುಂತಾದವುಗಳ ಒತ್ತು ತಲೆಕಟ್ಟು ತೆಗೆದ ಅದೇ ಅಕ್ಷರ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಮೂಲ ಅಕ್ಷರದಂತೆ ಕಾಣುವುದಿಲ್ಲ. ಅದಕ್ಕೇ ‘ಅಪ್ಪ’ ಓದಿದ ಮಗು ‘ಅಮ್ಮ’ನ ಹತ್ತಿರ ತಡವರಿಸುತ್ತದೆ. ‘ಮ-ಕ್ಕೆ ಮ ಒತ್ತು’ ಎಂದು ಬಿಡಿಸಿ ಹೇಳಿಸಿದರೆ ‘ಅಮಮ’ ಎಂದೇ ಓದುತ್ತದೆ. ಇಡೀ ಪದವನ್ನು ತೋರಿಸಿ, ಇಡಿಯಾಗಿ ಹೇಳಿ. ಕತೆ–ಕತ್ತೆ, ಹಳಿ–ಹಳ್ಳಿ ಜೋಡಿಗಳನ್ನು ಅಕ್ಕಪಕ್ಕ ಬರೆದು ತೋರಿಸಿದರೆ ಒತ್ತು ಏನು ಮಾಡುತ್ತದೆಂದು ಮಗುವಿಗೇ ಹೊಳೆಯುತ್ತದೆ.

ದಿನಕ್ಕೆ 15 ನಿಮಿಷ ಸಾಕು. ಪುಟಕ್ಕೆ ಒಂದೆರಡು ಸಾಲು, ದಪ್ಪ ಅಕ್ಷರ ಇರುವ ಪುಸ್ತಕ ಆರಿಸಿ. ಮೊದಲ ದಿನ ನೀವೇ ಓದಿ. ಮರುದಿನ ಸಾಲಿನ ಕೊನೆಯ ಪದಕ್ಕೆ ನಿಲ್ಲಿಸಿ, ಮಗು ಹೇಳಲಿ. ಮೂರನೇ ದಿನ ಮಗುವೇ ಓದಲಿ. ಬಾಯಿಪಾಠವಾಗಿದೆ ಎನಿಸಿದರೆ ನಡುವಿನ ಒಂದು ಪದ ತೋರಿಸಿ ಕೇಳಿ. ಮಗು ಎಲ್ಲಾದರೂ ನಿಂತರೆ ಮನಸ್ಸಿನಲ್ಲೇ ಐದು ಎಣಿಸಿ, ಆಮೇಲೆ ಪದ ಹೇಳಿಬಿಡಿ.

ಬೆರಳಿಡುವಾಗ ಒಂದು ಎಚ್ಚರ. ಸಾಲಿಗೆ ಅಂಟಿಸಿ ಬೆರಳೋ ಪಟ್ಟಿಯೋ ಇಟ್ಟರೆ ಕೆಳಗಿರುವ ಒತ್ತೇ ಮುಚ್ಚಿಹೋಗುತ್ತದೆ! ಹಳೆಯ ಲಗ್ನಪತ್ರಿಕೆಯ ಪಟ್ಟಿಯೊಂದನ್ನು ಸಾಲಿನ ಮೇಲ್ಭಾಗದಲ್ಲಿಟ್ಟು, ಓದಿದ್ದನ್ನು ಮುಚ್ಚುತ್ತಾ ಇಳಿಸಿ.

ಪುಸ್ತಕವಿಲ್ಲದ ದಿನ ಪತ್ರಿಕೆಯ ತಲೆಬರಹ ಸಾಕು, ಒತ್ತಕ್ಷರಗಳಿಗೆ ಪೆನ್ಸಿಲ್‌ನಿಂದ ಸುತ್ತು ಹಾಕಿಸಿ. ಹಳ್ಳಿಯವರು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳ ಪುಸ್ತಕ ಕೇಳಿ ಪಡೆಯಬೇಕು. ಓದು ಬಾರದ ಹೆತ್ತವರೂ ಪಕ್ಕದಲ್ಲಿ ಕೂತು, ಚಿತ್ರ ತೋರಿಸಿ ‘ಆಮೇಲೇನಾಯ್ತು?’ ಎಂದು ಕೇಳಬಹುದು.

ಇನ್ನೊಂದು ಮಾತು. ಪುಸ್ತಕದಲ್ಲಿ ‘ಹೋಗುತ್ತಾನೆ’ ಎಂದಿದ್ದು ಮಗು ‘ಹೋಗ್ತಾನೆ’ ಎಂದು ಓದಿದರೆ ತಿದ್ದಲು ಹೋಗಬೇಡಿ. ಮಗುವಿಗೆ ಓದಿದ್ದು ಅರ್ಥವಾಗಿದೆ.

— ಪ್ರಾಥಮಿಕ ಶಾಲಾ ಶಿಕ್ಷಕಿ, ತುಮಕೂರು