ಸಿಮ್ಯುಲೇಷನ್ ಸಮೀಕ್ಷೆಗೆ ಬದಲಿಯಲ್ಲ

ಮಾನ್ಯ ಸಂಪಾದಕರೇ,

ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಸಂಶೋಧನೆಗೆ ಕಂಪ್ಯೂಟರ್ ಸಿಮ್ಯುಲೇಷನ್ (ನಿಯಮಗಳನ್ನು ಕೊಟ್ಟು ಸಮಾಜದ ಅಣಕು ಮಾದರಿಯನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು) ಬಳಸುವುದು ಒಳ್ಳೆಯದೇ. ಆದರೆ ಮಾದರಿಯನ್ನು ಒಂದೇ ಸಲ ಓಡಿಸಿ, ಪರದೆಯ ಚಿತ್ರವನ್ನೇ ಫಲಿತಾಂಶವೆಂದು ಪ್ರಬಂಧಕ್ಕೆ ಅಂಟಿಸಿದರೆ ಅದು ಸಂಶೋಧನೆಯಾಗದು.

ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1971ರಲ್ಲಿ ವಿವರಿಸಿದ ವಸತಿ ವಿಂಗಡಣೆಯ ಮಾದರಿಯನ್ನೇ ನೋಡಿ. ಚೌಕಗಳ ಹಾಸಿನ ಮೇಲೆ ಎರಡು ಗುಂಪಿನವರಿರುತ್ತಾರೆ; ಸುತ್ತ ತಮ್ಮ ಗುಂಪಿನವರು ಬಯಸಿದಷ್ಟು ಇಲ್ಲದಿದ್ದರೆ ಖಾಲಿ ಚೌಕಕ್ಕೆ ಹೋಗುತ್ತಾರೆ. ನೆಟ್‌ಲೋಗೋ ಎಂಬ ಉಚಿತ ತಂತ್ರಾಂಶದಲ್ಲಿ ಅದು ಸಿದ್ಧವಾಗಿಯೇ ಸಿಗುತ್ತದೆ. ನೆರೆಯವರಲ್ಲಿ ಶೇ 30 ಮಂದಿ ತಮ್ಮವರಿದ್ದರೆ ಸಾಕು ಎನ್ನುವವರನ್ನೇ ತುಂಬಿದರೂ ಕೊನೆಗೆ ಪ್ರತಿಯೊಬ್ಬರ ಸುತ್ತ ಸರಾಸರಿ ಶೇ 70ರ ಆಸುಪಾಸು ತಮ್ಮವರೇ ಆಗಿಬಿಡುತ್ತಾರೆ. ಈ ಬಯಕೆಯನ್ನು ಶೇ 80ಕ್ಕೆ ಏರಿಸಿದರೆ ಹೆಚ್ಚಿನವರಿಗೆ ನೆಲೆ ಸಿಗದೆ ಮಾದರಿ ನಿಲ್ಲುವುದೇ ಇಲ್ಲ.

ಇದನ್ನು ಮಂಗಳೂರಿನ ಬಾಡಿಗೆ ಮನೆಗಳಿಗೆ ಹಾಗೆಯೇ ಹೊಂದಿಸುವಂತಿಲ್ಲ. ಶೆಲ್ಲಿಂಗ್ ಮಾದರಿಯಲ್ಲಿ ಮನೆ ಮಾಲೀಕನೇ ಇಲ್ಲ. ಖಾಲಿ ಚೌಕ ಕಂಡವರು ಹೋಗಿ ಕೂರಬಹುದು. ಕದ್ರಿಯಲ್ಲೋ ಬಿಜೈಯಲ್ಲೋ ಮನೆ ಹುಡುಕಿದವರಿಗೆ ಗೊತ್ತು, ಜಾತಿ ಯಾವುದು, ಮೀನು ಬೇಯಿಸುತ್ತೀರಾ (ಅದೂ ಈ ಊರಿನಲ್ಲಿ!) ಎಂಬ ಪ್ರಶ್ನೆಗಳನ್ನು ದಾಟಿದ ಮೇಲೆ ಬೀಗದ ಕೈ ಸಿಗಬಹುದು. ಹಾಗಾಗಿ ಅಕ್ಕಪಕ್ಕ ಯಾರಿದ್ದಾರೆಂದು ನೋಡಿ ಮನೆ ನಿರಾಕರಿಸುವ ಮಾಲೀಕನ ನಿಯಮವನ್ನು ಸೇರಿಸಬೇಕು. ಬಾಡಿಗೆದಾರರ ಬಯಕೆಯನ್ನು ಸೊನ್ನೆಗೆ ಇಳಿಸಿದರೆ ಯಾರೂ ಕದಲುವುದಿಲ್ಲ. ಆದ್ದರಿಂದ ಪ್ರತಿ ಸುತ್ತಿನಲ್ಲಿ ಕೆಲವು ಮನೆಗಳು ಕರಾರು ಮುಗಿದು ತೆರವಾಗುವಂತೆಯೂ ಬರೆಯಬೇಕು. ಆಗ ಬಾಡಿಗೆದಾರರಿಗೆ ಅಂಥ ಯಾವ ಬಯಕೆಯೂ ಇಲ್ಲದಿದ್ದರೂ ಬರೀ ನಿರಾಕರಣೆಯಿಂದಲೇ ಕೇರಿ ಕೇರಿಯಾಗಿ ಒಡೆಯುವ ಅದೇ ನಕ್ಷೆ ಮೂಡಬಹುದು. ಕಾರಣ ಎರಡು, ಚಿತ್ರ ಒಂದೇ. ನಮ್ಮೂರಿನಲ್ಲಿ ಇರುವುದು ಯಾವುದೆಂದು ಮಾದರಿ ಹೇಳಲಾರದು. ಎಷ್ಟು ಮನೆ ಕೇಳಿದಿರಿ, ಎಷ್ಟರಲ್ಲಿ ಇಲ್ಲವೆಂದರು ಎಂದು ಬಾಡಿಗೆದಾರರನ್ನೂ ಬ್ರೋಕರುಗಳನ್ನೂ ಕೇಳಿಯೇ ತಿಳಿಯಬೇಕು.

ಇನ್ನೊಂದು ಎಡವಟ್ಟು ಕಣ್ಣಿಗೆ ಬೀಳುವುದೇ ಇಲ್ಲ. ಈ ಮಾದರಿಯ ಅಂಚುಗಳು ಸುತ್ತಿಕೊಂಡಿರುತ್ತವೆ, ಅಂದರೆ ಪಡುವಣ ಅಂಚಿನ ಮನೆಗೆ ಮೂಡಣ ಅಂಚಿನದು ನೆರೆಮನೆ. ಪಡುವಣಕ್ಕೆ ಕಡಲಿರುವ ಊರಿಗೆ ಇದು ಸಲ್ಲದು. ಸೆಟ್ಟಿಂಗ್ಸ್‌ನಲ್ಲಿ ಅಂಚು ಸುತ್ತಿಕೊಳ್ಳುವ ಆಯ್ಕೆಯ ಗುರುತು ತೆಗೆಯಬೇಕು.

ಬಾಡಿಗೆದಾರರ ಬಯಕೆಯನ್ನು ಶೇ 0ಯಿಂದ 60ರವರೆಗೆ ಐದೈದರಂತೆ, ಮಾಲೀಕರ ನಿರಾಕರಣೆಯನ್ನು ಶೇ 0ಯಿಂದ 100ರವರೆಗೆ ಹತ್ತತ್ತರಂತೆ ಬದಲಿಸಿದರೆ 143 ಜೋಡಿ. ಓಟದಿಂದ ಓಟಕ್ಕೆ ಫಲಿತಾಂಶ ಬದಲಾಗುವುದರಿಂದ ಒಂದೊಂದನ್ನೂ 30 ಸಲ ಓಡಿಸಿದರೆ 4,290 ಓಟ. ನೆಟ್‌ಲೋಗೋದಲ್ಲೇ ಇರುವ ಬಿಹೇವಿಯರ್‌ಸ್ಪೇಸ್ ಎಂಬ ಸಾಧನ ಇದನ್ನು ತಾನೇ ಮಾಡಿ ಕೋಷ್ಟಕ ಕೊಡುತ್ತದೆ. ಮನೆ ತೆರವಾಗುತ್ತಲೇ ಇರುವ ಮಾದರಿ ತಾನಾಗಿ ನಿಲ್ಲದು. 1,000 ಸುತ್ತು ಎಂಬಂತೆ ಮಿತಿ ಹಾಕಿ, ಅಷ್ಟರಲ್ಲಿ ಅಂಕಿ ಸ್ಥಿರವಾಯಿತೇ ಎಂದು ನೋಡಬೇಕು. ಸರಾಸರಿಯೊಂದನ್ನೇ ಕೊಟ್ಟರೆ ಸಾಲದು, ಏರಿಳಿತವೂ ಬೇಕು.

ಮಾದರಿಯ ನಿಯಮಗಳನ್ನು ಬರೆದಿಡಲು ಒಡಿಡಿ (ಓವರ್‌ವ್ಯೂ, ಡಿಸೈನ್ ಕಾನ್ಸೆಪ್ಟ್ಸ್, ಡೀಟೇಲ್ಸ್) ಎಂಬ ನಮೂನೆ 2006ರಿಂದಲೇ ಇದೆ. ಮಾರ್ಗದರ್ಶಕರು ಅದನ್ನು ಕಡ್ಡಾಯ ಮಾಡಲಿ. ಮೌಖಿಕ ಪರೀಕ್ಷೆಯಲ್ಲಿ ಚಿತ್ರದ ಬದಲು ಪ್ರೋಗ್ರಾಂ ಕಡತ, ರ್‍ಯಾಂಡಮ್ ಸೀಡ್ ಸಂಖ್ಯೆಗಳು (ಅದೇ ಓಟವನ್ನು ಮತ್ತೆ ಹಾಗೆಯೇ ಓಡಿಸಲು ಬೇಕಾದ ಆರಂಭಿಕ ಸಂಖ್ಯೆಗಳು) ಮತ್ತು ಎಲ್ಲ ಓಟಗಳ ಕೋಷ್ಟಕವನ್ನು ತೋರಿಸಲು ಹೇಳಲಿ.

– ಸಮಾಜಶಾಸ್ತ್ರ ಅಧ್ಯಾಪಕರು, ಮಂಗಳೂರು