ರೆಡ್ ಅಲರ್ಟ್ ಬಂದಿತ್ತು, ಆದೇಶ ಬಂದಿರಲಿಲ್ಲ

ಮಾನ್ಯ ಸಂಪಾದಕರೇ,

ಪತ್ರಿಕೆಯಲ್ಲಿ 'ರೆಡ್ ಅಲರ್ಟ್' ಅಂತ ಕಂಡಾಗಲೆಲ್ಲ ನನ್ನ ಮನಸ್ಸಿಗೆ ಬರುವುದು ಒಂದೇ ಪ್ರಶ್ನೆ. ಆ ಎಚ್ಚರಿಕೆ ಈಗ ಯಾರ ಮೇಜಿನ ಮೇಲಿದೆ? ಅವರಿಗೆ ಏನಾದರೂ ಮಾಡುವ ಅಧಿಕಾರ ಇದೆಯೇ?

ನಾನು 33 ವರ್ಷ ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ಕೊನೆಯ ಹತ್ತು ವರ್ಷ ಪ್ರವಾಹ ಪರಿಹಾರದ ಕಡತಗಳೆಲ್ಲ ನನ್ನ ಕೈಯಲ್ಲೇ ಇದ್ದವು. ಒಂದು ವರ್ಷ ಭಾರೀ ಮಳೆಯ ಮುನ್ಸೂಚನೆ ಬಂತು. ನಮ್ಮ ಸಾಹೇಬರು ಕಾಯಲಿಲ್ಲ. ಸಂಜೆಯೊಳಗೆ ಬಸ್ಸು ಬಾಡಿಗೆಗೆ ತರಿಸಿ, ತಗ್ಗಿನಲ್ಲಿದ್ದ ಅರವತ್ತು ಕುಟುಂಬಗಳನ್ನು ಶಾಲೆಗೆ ಸಾಗಿಸಿದರು. ಊಟ, ಹೊದಿಕೆ ಎಲ್ಲ ಕೊಡಿಸಿದರು. ಆದರೆ ಮಳೆ ಬೇರೆ ಕಡೆ ತಿರುಗಿತು. ಆರು ತಿಂಗಳಾದ ಮೇಲೆ ಆಡಿಟ್‌ನವರು ಬರೆದರು: ಪ್ರವಾಹವೇ ಬಂದಿಲ್ಲ, ಖರ್ಚು ಯಾಕೆ? ಉತ್ತರ ಬರೆದು ಬರೆದು ನನ್ನ ಕೈ ಸೋತಿತು. ಎರಡು ವರ್ಷವಾದರೂ ಆ ಆಕ್ಷೇಪಣೆ ತೀರಲಿಲ್ಲ.

ಮುಂದಿನ ಸಲ ಎಚ್ಚರಿಕೆ ಬಂದಾಗ ಅವರ ಜಾಗದಲ್ಲಿ ಬೇರೆಯವರಿದ್ದರು. ಅವರು ಮೇಲಿನವರ ಲಿಖಿತ ಆದೇಶಕ್ಕೆ ಕಾದರು. ಆದೇಶಕ್ಕಿಂತ ಮೊದಲು ನೀರು ಬಂತು. ಅದೇ ತಗ್ಗಿನ ಬೀದಿಯ ಇಬ್ಬರು ಮುದುಕರನ್ನು ಉಳಿಸಿಕೊಳ್ಳಲು ಆಗಲಿಲ್ಲ. ಕಾದ ಅಧಿಕಾರಿಯನ್ನು ನಾನು ದೂರುವುದಿಲ್ಲ. ಅವರು ಹಿಂದಿನ ಕಡತ ಓದಿದ್ದರು.

ನಮ್ಮ ನಿಯಮಗಳೆಲ್ಲ ಹಳೆಯ ಹವಾಮಾನವನ್ನು ನಂಬಿ ಬರೆದವು. ಹಿಂದಿನ ಮಳೆ ದಾಖಲೆ ನೋಡಿ ಚರಂಡಿ, ಸೇತುವೆ ಕಟ್ಟುತ್ತೇವೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಹಾಗಾಗಿ ಈಗ ಸುರಿದರೆ ಒಮ್ಮೆಲೇ ಸುರಿಯುತ್ತದೆ. ಕಡತ ಮೇಲೆ ಹೋಗಿ ಕೆಳಗೆ ಬರುವಷ್ಟು ಹೊತ್ತು ಅದು ಕೊಡುವುದಿಲ್ಲ.

ಎರಡು ಘಟನೆ ನನಗೆ ಮರೆಯುವುದಿಲ್ಲ. ಎರಡೂ ಅಕ್ಟೋಬರ್ 29ರಂದೇ ನಡೆದವು. 1999ರಲ್ಲಿ ಒಡಿಶಾಕ್ಕೆ ಚಂಡಮಾರುತ ಅಪ್ಪಳಿಸಿ ಸುಮಾರು 10,000 ಜನ ಸತ್ತರು. ಸರಿಯಾಗಿ 25 ವರ್ಷದ ನಂತರ, 2024ರಲ್ಲಿ ಸ್ಪೇನ್‌ನ ವಲೆನ್ಸಿಯಾದಲ್ಲಿ ಪ್ರವಾಹ ಬಂತು. ಅಲ್ಲಿ ಹವಾಮಾನ ಇಲಾಖೆ ಬೆಳಿಗ್ಗೆಯೇ ಕೆಂಪು ಎಚ್ಚರಿಕೆ ಕೊಟ್ಟಿತ್ತು. ಜನರ ಮೊಬೈಲಿಗೆ ಸಂದೇಶ ಹೋಗಿದ್ದು ರಾತ್ರಿ ಎಂಟು ದಾಟಿದ ಮೇಲೆ. ಅಷ್ಟರಲ್ಲಿ ಬೀದಿಗಳು ಮುಳುಗಿದ್ದವು. 220ಕ್ಕೂ ಹೆಚ್ಚು ಜನ ಹೋದರು. ಶ್ರೀಮಂತ ದೇಶ, ಒಳ್ಳೆಯ ಉಪಗ್ರಹ, ಎಲ್ಲ ಇತ್ತು. ಗುಂಡಿ ಒತ್ತುವುದು ಮಾತ್ರ ತಡವಾಯಿತು.

ಒಡಿಶಾ ಪಾಠ ಕಲಿತಿತ್ತು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಹತ್ತಿರ ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದರು. ಸತ್ತವರ ಸಂಖ್ಯೆ 50 ದಾಟಲಿಲ್ಲ. ಹಾಗೆ ಕರೆದೊಯ್ದ ಹತ್ತು ಲಕ್ಷದಲ್ಲಿ ಎಷ್ಟೋ ಜನರ ಮನೆಗೆ ಏನೂ ಆಗದೇ ಇದ್ದಿರಬಹುದು. ಅದನ್ನು ದುಂದು ಅನ್ನಲು ಆಗುತ್ತದೆಯೇ? ಅಹಮದಾಬಾದ್ ಕೂಡ 2010ರ ಮೇ ತಿಂಗಳ ಬಿಸಿಲಿಗೆ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಮೇಲೆ, 2013ರಲ್ಲಿ ಯೋಜನೆಯೊಂದನ್ನು ಬರೆದಿಟ್ಟುಕೊಂಡಿತು. ಬಿಸಿಗಾಳಿಯ ಎಚ್ಚರಿಕೆ ಬಂದ ದಿನ ಆಸ್ಪತ್ರೆ ಏನು ಮಾಡಬೇಕು, ನೀರು ಸರಬರಾಜಿನವರು ಏನು ಮಾಡಬೇಕು ಅಂತ ಮೊದಲೇ ಅದರಲ್ಲಿದೆ.

ನಾನು ಕೇಳುವುದು ಹೊಸ ಸಮಿತಿಯನ್ನಲ್ಲ. ಒಂದು ಸಾಲಿನ ನಿಯಮ ಸಾಕು: ರೆಡ್ ಅಲರ್ಟ್ ಬಂದರೆ ಅದೇ ಆದೇಶ, ಆ ಹೊತ್ತಿನಲ್ಲಿ ಜನರನ್ನು ಸಾಗಿಸಲು ಮಾಡಿದ ಖರ್ಚು ಮಳೆ ಬರದಿದ್ದರೂ ಸರಿಯಾದ ಖರ್ಚು. ಆಡಿಟ್‌ನವರು ಬಿಲ್ಲು ನೋಡಲಿ, ಕಳ್ಳಲೆಕ್ಕ ಇದ್ದರೆ ಹಿಡಿಯಲಿ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಆಡಿಟ್‌ನವರು ಕೇಳಲಿ: ಎಚ್ಚರಿಕೆ ಬಂದಿತ್ತಲ್ಲ, ಯಾಕೆ ಖರ್ಚು ಮಾಡಲಿಲ್ಲ? ಇದುವರೆಗೆ ಯಾರೂ ಅದನ್ನು ಕೇಳಿದ್ದು ನಾನು ಕಂಡಿಲ್ಲ.

ಅಧಿಕಾರಿಗಳು ಎರಡು ಮೂರು ವರ್ಷಕ್ಕೆ ಬದಲಾಗುತ್ತಾರೆ. ತಗ್ಗು ಬೀದಿಗಳು ಅಲ್ಲೇ ಇರುತ್ತವೆ, ಅಲ್ವಾ? ನಾನು ಚಾರ್ಜ್ ಬಿಟ್ಟುಕೊಟ್ಟ ದಿನ ಕುರ್ಚಿ, ಬೀರು, ಕೀಲಿಕೈ ಎಲ್ಲ ಎಣಿಸಿ ಪಟ್ಟಿಗೆ ಸಹಿ ಹಾಕಿಸಿಕೊಂಡರು. ಯಾವ ಬೀದಿಗೆ ಮೊದಲು ನೀರು ನುಗ್ಗುತ್ತದೆ, ಯಾವ ಮನೆಯಲ್ಲಿ ನಡೆಯಲಾಗದವರು ಇದ್ದಾರೆ ಅನ್ನುವುದು ನನ್ನ ಡೈರಿಯಲ್ಲಿತ್ತು. ಆ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ನಾಲ್ಕು ಹಾಳೆಯಲ್ಲಿ ಬರೆದು, ಹೊಸದಾಗಿ ಬಂದ ಹುಡುಗಿಯ ಕೈಗೆ ಕೊಟ್ಟು ಬಂದೆ.

– ಒಬ್ಬ ನಿವೃತ್ತ ನೌಕರಳು